ಪ್ಯಾಚಿಂಗ್ ಮೆಷಿನ್‌ನ ಕೆಜಿ ಲೆಕ್ಕದಲ್ಲಿ ಮಾರ್ಬೇಡಿ, ಲಕ್ಷದ ಆಸೆನೂ ಬೇಡ

ಮಾನ್ಯ ಸಂಪಾದಕರೇ,

ಹಳೇ ಹೊಲಿಗೆ ಮೆಷಿನ್‌ಗಳಿಗೆ ಈಗ ಭಾರಿ ರೇಟು ಅಂತ ನಿಮ್ಮ ಪೇಪರ್‌ನಲ್ಲಿ ಬಂದ ಬರಹ ಓದಿದೆ. ಅದು ಬಂದ್ಮೇಲೆ ನಮ್ಮ ಬ್ಯಾಗು ಚಪ್ಪಲಿ ರಿಪೇರಿ ಅಂಗಡಿಗೆ ಜನ ಬಂದು "ಅಣ್ಣಾ, ನಮ್ಮಪ್ಪಂದು ಪ್ಯಾಚಿಂಗ್ ಮೆಷಿನ್ ಇದೆ, ಸಿಂಗರ್ದು, ಎಷ್ಟು ಬರುತ್ತೆ" ಅಂತ ಕೇಳೋದು ಜಾಸ್ತಿಯಾಗಿದೆ. ಪ್ಯಾಚಿಂಗ್ ಮೆಷಿನ್ ಅಂದ್ರೆ ಚರ್ಮದ ಶೂ, ಬ್ಯಾಗು ಹೊಲಿದು ರಿಪೇರಿ ಮಾಡೋ ಮೆಷಿನ್. ಕೆಲವರು ಲಕ್ಷ ಅಂದ್ಕೊಂಡಿದಾರೆ, ಇನ್ನು ಕೆಲವರು ಆಗ್ಲೇ ಗುಜರಿಯವನಿಗೆ ತೂಕಕ್ಕೆ ಹಾಕಿಬಿಟ್ಟಿರ್ತಾರೆ. ಎರಡೂ ತಪ್ಪು, ಅದಕ್ಕೇ ಈ ಪತ್ರ.

ಮೊದಲು ಅದು ಪ್ಯಾಚಿಂಗ್ ಮೆಷಿನ್ನೇ ಹೌದಾ ನೋಡ್ಕೊಳ್ಳಿ. ಮನೇಲಿ ಬಟ್ಟೆ ಹೊಲಿಯೋ ಮೆಷಿನ್‌ನಲ್ಲಿ ಕೆಳಗಡೆ ಹಲ್ಲುಪಟ್ಟಿ ಬಟ್ಟೆನ ಎಳ್ಕೊಂಡು ಹೋಗುತ್ತೆ, ಇದರಲ್ಲಿ ಆ ಹಲ್ಲು ಇರೋದೇ ಇಲ್ಲ, ಸೂಜಿ ಹತ್ರ ಮೇಲಿಂದ ಒತ್ತಿ ಹಿಡಿಯೋ ಪಾದನೇ ಚರ್ಮನ ಮುಂದೆ ತಳ್ಳುತ್ತೆ, ಆ ಪಾದ ಸುತ್ತಲೂ ತಿರುಗುತ್ತೆ, ಅದಕ್ಕೇ ಶೂ ತಿರುಗಿಸದೇ ಯಾವ ದಿಕ್ಕಿಗೆ ಬೇಕಾದ್ರೂ ಹೊಲಿಬಹುದು. ಕೆಳಗಿನ ತೋಳು ಉದ್ದಕ್ಕೆ ಚಾಚಿಕೊಂಡು ತುದಿಲಿ ಸಣ್ಣಗಿರುತ್ತೆ, ಶೂ ಒಳಗೆ ಬ್ಯಾಗ್ ಒಳಗೆ ತೂರ್ಸೋದಕ್ಕೆ. ಸುಮಾರು 12 ಇಂಚಿಂದು ಒಂದು, 18 ಇಂಚಿಂದು ಒಂದು, ಉದ್ದ ತೋಳಿಂದಕ್ಕೆ ಬ್ಯಾಗಿನವರು ಸ್ವಲ್ಪ ಜಾಸ್ತಿ ಕೊಡ್ತಾರೆ.

ಸಿಂಗರ್ ಆದ್ರೆ 29ನೇ ಕ್ಲಾಸ್, ಅಂದ್ರೆ 29 ನಂಬರಿನ ಮಾಡೆಲ್ ಸಾಲು. 29ಕೆ ಅಂತ ಇದ್ರೆ ಆ ಕೆ ಅಂದ್ರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನ ಕಿಲ್ಬೋವಿ ಫ್ಯಾಕ್ಟರಿ, ಅದು 1980ರಲ್ಲೇ ಮುಚ್ಚಿಹೋಯ್ತು, ಹಂಗಾಗಿ "ಸ್ಕಾಟ್ಲೆಂಡ್ ಮೆಷಿನ್ ಸಾರ್, ಹೆಚ್ಚು ಹಳೇದಲ್ಲ" ಅನ್ನೋರ ಮಾತು ಕೇಳ್ಬೇಡಿ. ಸೀರಿಯಲ್ ನಂಬರ್ ಶುರುಲಿ ವೈ ಇದ್ರೆ 1920-30ರ ಕಾಲದ್ದು, ಇ ಜೊತೆ ಇನ್ನೊಂದು ಅಕ್ಷರ ಇದ್ರೆ 1935ರಿಂದ ಈಚೆಗಿಂದು. ಅಡ್ಲರ್ 30 ಅಂತ ಜರ್ಮನಿದೂ ಸಿಗುತ್ತೆ, ಅದೂ ಗಟ್ಟಿ ಮಾಲು. ಹೆಸರು ಮಾತ್ರ ನೋಡಿ ರೇಟ್ ಕಟ್ಬೇಡಿ, ಕಾಪಿ ಮೆಷಿನ್‌ಗೆ ಪೇಂಟ್ ಹೊಡೆದು ಸ್ಟಿಕ್ಕರ್ ಅಂಟ್ಸೋದು ದೊಡ್ಡ ಕೆಲಸ ಅಲ್ಲ.

ಆದ್ರೆ ಇಸವಿ ಗೊತ್ತಾದ್ರೆ ರೇಟು ಗೊತ್ತಾಗಲ್ಲ, ರೇಟ್ ಇರೋದು ತೋಳಿನ ಒಳಗೆ. ಕೆಳಗಿನ ದಾರದ ಬಾಬಿನ್ ಹಿಡ್ಕೊಂಡಿರೋ ಶಟಲ್‌ನ ಓಡ್ಸೋ ಹಲ್ಲಿನ ರಾಡು, ಅದಕ್ಕೆ ಕೂತಿರೋ ಸಣ್ಣ ಗೇರು, ಇವೆರಡೂ ಸವೆದಿದ್ರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ. ಚಕ್ರ ಬಿಗಿಯಾಗಿ ಹಿಡ್ಕೊಂಡು ಶಟಲ್‌ನ ಬೆರಳಲ್ಲಿ ಅಲ್ಲಾಡ್ಸಿ ನೋಡಿ, ಲೊಡಲೊಡ ಅಂದ್ರೆ ಸವೆದಿದೆ ಅಂತ. ಆಮೇಲೆ ಒಂದು ತುಂಡು ಚರ್ಮ ತಗೊಂಡು ಪಾದನ ನಾಲ್ಕೂ ದಿಕ್ಕಿಗೆ ತಿರುಗಿಸಿ ಹೊಲಿರಿ, ಒಳ್ಳೇ ಸ್ಥಿತಿಲಿರೋ ಮೆಷಿನ್ ಹೊಲಿಗೆ ಉದ್ದದ ಸೆಟ್ಟಿಂಗ್ ಪೂರ್ತಿ ಇಟ್ರೆ ಇಂಚಿಗೆ ಐದಾರು ಹೊಲಿಗೆ ಹಾಕುತ್ತೆ, ಪಾದ ತಳ್ಳೋ ಲಿವರ್ ಸವೆದಿದ್ರೆ ಅದೇ ಸೆಟ್ಟಿಂಗ್‌ನಲ್ಲಿ ಎಂಟು ಹತ್ತು ಹೊಲಿಗೆ ಒತ್ತೊತ್ತಾಗಿ ಬೀಳುತ್ತೆ, ಕೆಲವು ಸಲ ಒಂದು ದಿಕ್ಕಿಗೆ ಉದ್ದ ಇನ್ನೊಂದಕ್ಕೆ ಗಿಡ್ಡ. ಸೂಜಿನೂ ನೋಡ್ಕೊಳ್ಳಿ, ಮನೆ ಮೆಷಿನ್ ಸೂಜಿ ಇದಕ್ಕೆ ಕೂರಲ್ಲ, ಚರ್ಮಕ್ಕೆ 29x4 ಅನ್ನೋದು, ಬಟ್ಟೆಗೆ 29x3. ಬೇರೆ ಸೂಜಿ ಹಾಕ್ಕೊಂಡು ಹೊಲಿಗೆ ಬೀಳ್ತಿಲ್ಲ ಅಂತ ಗುಜರಿಗೆ ಹಾಕಿದೋರೂ ಇದಾರೆ!

ಇನ್ನೊಂದು, ಕೊಳ್ಳೋರೂ ಕೇಳ್ಬೇಕು: ಇದು ರಿಪೇರಿ ಮೆಷಿನ್. ಬಾಬಿನ್ ಚಿಕ್ಕದು, ದಪ್ಪ ದಾರ ಹಿಡಿಯಲ್ಲ, ದಪ್ಪ ಬೆಲ್ಟು ಕುದುರೆ ಜೀನು ಹೊಲಿತೀನಿ ಅಂತ ತಗೊಂಡ್ರೆ ದುಡ್ಡು ನೀರಲ್ಲಿ ಹೋಮ. ಅಥಣಿ ಕಡೆ ಚಪ್ಪಲಿ ಮಾಡೋರು ಕೊಳ್ತಾರೆ ಅಂತ ಯಾರೋ ಒಬ್ಬರು ಹೇಳಿದ್ರು, ಅಲ್ಲಿ ಚರ್ಮದ ದಾರದಲ್ಲಿ ಕೈಯಲ್ಲೇ ಹೊಲಿಯೋದು ಸ್ವಾಮಿ, ಆ ಕೈ ಕಸುಬಿಗೇ 2019ರಲ್ಲಿ ಕೊಲ್ಹಾಪುರಿ ಚಪ್ಪಲಿ ಹೆಸರಲ್ಲಿ ಜಿಐ ಟ್ಯಾಗ್, ಅಂದ್ರೆ ಆ ಪ್ರದೇಶದ್ದೇ ಮಾಲು ಅನ್ನೋ ಸರ್ಕಾರಿ ಗುರುತು, ಸಿಕ್ಕಿದ್ದು.

ಲಕ್ಷದ ಕಥೆಗೆ ಬರ್ತೀನಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೇ ಸಿಂಗರ್ ಮೆಷಿನ್ ಸೂಜಿಲಿ ಭಾರಿ ಬೆಲೆಬಾಳೋ ಕೆಂಪು ಪಾದರಸ ಇದೆ, ಮೊಬೈಲ್ ಹತ್ರ ಹಿಡಿದ್ರೆ ಲೈನ್ ಕಟ್ಟಾಗುತ್ತೆ ಅಂತ ಗಾಳಿಸುದ್ದಿ ಹಬ್ಬಿ ಜನ 2 ಲಕ್ಷ ರಿಯಾಲ್‌ವರೆಗೂ ಕೊಟ್ಟಿದ್ರು. ಪಾದರಸನೂ ಇಲ್ಲ ಏನೂ ಇಲ್ಲ. ಅಂಥದ್ದೇ ಮೆಸೇಜು ನಮ್ಮ ವಾಟ್ಸಾಪಲ್ಲೂ ಬರುತ್ತೆ, ನಂಬಿ ಮೆಷಿನ್‌ನ ಅಟ್ಟದ ಮೇಲೆ ಇಟ್ಕೊಂಡು ತುಕ್ಕು ಹಿಡಿಸ್ಬೇಡಿ. ನಾನು ಲೆಕ್ಕ ಹಾಕೋದು ಹೀಗೆ, ಇದೇ ಥರದ ಹೊಸ ಕಾಪಿ ಮೆಷಿನ್ ಎಷ್ಟಕ್ಕೆ ಸಿಗುತ್ತೆ ಅಂತ ಎರಡು ಅಂಗಡಿಲಿ ವಿಚಾರಿಸಿ, ಸವೆದಿರೋ ರಾಡು ಗೇರು ಬದಲಾಯ್ಸೋ ಖರ್ಚನ್ನ ಅದರಲ್ಲಿ ಕಳೀತೀನಿ, ಸ್ಟ್ಯಾಂಡು ಪೆಡಲ್ಲು ಸರಿ ಇದ್ರೆ ಸ್ವಲ್ಪ ಸೇರಿಸ್ತೀನಿ. ಹಳೇ ಕಬ್ಬಿಣ ಗಟ್ಟಿ ಅನ್ನೋದು ನಿಜ, ಆದ್ರೆ ಹಲ್ಲು ಹೋದ ಗೇರಿಗೆ ಗಟ್ಟಿ ಕಬ್ಬಿಣ ಏನು ಮಾಡುತ್ತೆ.

ರಾಜ್ಯ ಸರ್ಕಾರದ ಚರ್ಮೋದ್ಯಮ ನಿಗಮ ಲಿಡ್ಕರ್‌ನವರಲ್ಲಿ ಒಂದು ಕೋರಿಕೆ. ಜಿಲ್ಲೆಗೊಂದು ಕಡೆ ತಿಂಗಳಿಗೊಮ್ಮೆ ಒಬ್ಬ ಒಳ್ಳೇ ಮೆಕ್ಯಾನಿಕ್‌ನ ಕೂರಿಸಿ, ಹಳೇ ಪ್ಯಾಚಿಂಗ್ ಮೆಷಿನ್ ತಂದವರಿಗೆ ಅದರ ಸ್ಥಿತಿ ಚೀಟಿಲಿ ಬರ್ಕೊಡಿ. ಮಾರೋರಿಗೆ ಸರಿಯಾದ ಬೆಲೆ, ಫುಟ್‌ಪಾತ್ ಮೇಲೆ ಕೈಯಲ್ಲಿ ಹೊಲಿತಾ ಕೂತಿರೋ ನಮ್ಮ ಹುಡುಗರಿಗೆ ಓಡೋ ಮೆಷಿನ್ನು, ಎರಡೂ ಸಿಗುತ್ತೆ.

ಇಂತಿ,
ಒಬ್ಬ ಬ್ಯಾಗ್ ರಿಪೇರಿಯವನು, ದಾವಣಗೆರೆ