ಭಾನುವಾರದ ಓದು: 'ಪ್ರೈಡ್ ಅಂಡ್ ಪ್ರಿಜುಡಿಸ್' ಟಿಪ್ಪಣಿ ಬರೆಯುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ಜೇನ್ ಆಸ್ಟಿನ್‌ರ ಈ ಕಾದಂಬರಿಯ ಕಾಲದ ಹಣ, ಮದುವೆ ಕುರಿತು ಚರ್ಚೆ. ಟಿಪ್ಪಣಿ ಒಪ್ಪಿಕೊಂಡವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ.

ಅಧ್ಯಾಯದ ಸಂಖ್ಯೆ ಹುಷಾರು. 1813ರ ಮೊದಲ ಮುದ್ರಣ ಮೂರು ಸಂಪುಟ. ಪ್ರತಿ ಸಂಪುಟದಲ್ಲೂ ಎಣಿಕೆ 1ರಿಂದ ಶುರು. ಈಗಿನ ಬಹಳಷ್ಟು ಪ್ರತಿಗಳಲ್ಲಿ ಸಲೀಸಾಗಿ 1ರಿಂದ 61. ಸಂಪುಟದ ಲೆಕ್ಕ ಇರುವವರು ಎರಡನೆಯದಕ್ಕೆ 23, ಮೂರನೆಯದಕ್ಕೆ 42 ಕೂಡಿಸಿಕೊಳ್ಳಿ.

ಪೌಂಡನ್ನು ಇಂದಿನ ರೂಪಾಯಿಗೆ ತಿರುಗಿಸುವ ಗೋಜು ಬೇಡ, ಅದರಿಂದ ಏನೂ ತಿಳಿಯಲ್ಲ. ಕಾದಂಬರಿಯೊಳಗೇ ಹೋಲಿಸಿ. ನಾಯಕ ಡಾರ್ಸಿಯ ಆದಾಯ ವರ್ಷಕ್ಕೆ 10,000 ಪೌಂಡ್, ನಾಯಕಿ ಎಲಿಜಬೆತ್‌ಳ ತಂದೆ ಬೆನೆಟ್‌ರದ್ದು 2,000. ಬೆನೆಟ್‌ರ ಜಮೀನು ಗಂಡು ವಾರಸುದಾರನಿಗೇ. ತಾಯಿಯ ನಂತರ ಎಲಿಜಬೆತ್ ಕೈಗೆ ಬರುವ ಗಂಟು 1,000 ಪೌಂಡ್, ಶೇ. 4ರಂತೆ ವರ್ಷಕ್ಕೆ 40, ಅಷ್ಟೆ! ಆ ವಾರಸುದಾರ ಕಾಲಿನ್ಸ್‌ನನ್ನೇ ಮದುವೆಯಾಗಲ್ಲ ಅಂದಿದ್ದು ಎಂಥ ಗಟ್ಟಿತನ ಅನ್ನೋದು ಆಗ ಕಾಣುತ್ತೆ.

ಎಲಿಜಬೆತ್‌ಳ ತಂಗಿ ಲಿಡಿಯಾ ಓಡಿಹೋಗುವ ಪ್ರಸಂಗದ ಬಗ್ಗೆ ಬರೆಯುವವರು ಇಂಗ್ಲೆಂಡಿನ 1753ರ ಮದುವೆ ಕಾಯ್ದೆ ನೋಡಿ: 21 ತುಂಬದವರು ಲೈಸೆನ್ಸ್ ಪಡೆದು ಮದುವೆಯಾಗಲು ಹೆತ್ತವರ ಒಪ್ಪಿಗೆ ಬೇಕಿತ್ತು. ಸ್ಕಾಟ್ಲೆಂಡಿಗೆ ಅದು ಅನ್ವಯಿಸುತ್ತಿರಲಿಲ್ಲ, ಅದಕ್ಕೇ ಅಲ್ಲಿನ ಗಡಿ ಹಳ್ಳಿ ಗ್ರೆಟ್ನಾ ಗ್ರೀನ್ ಮಾತು. ವಿಕ್ಟೋರಿಯಾ ಪಟ್ಟಕ್ಕೆ ಬಂದಿದ್ದು 1837ರಲ್ಲಿ. 'ವಿಕ್ಟೋರಿಯನ್ ಸಮಾಜ' ಅಂತ ದಯವಿಟ್ಟು ಬರೀಬೇಡಿ.

ಬರುವವರು ಗುರುವಾರದೊಳಗೆ ತಿಳಿಸಿ, ಯಾವ ಪ್ರತಿ ಅನ್ನೋದನ್ನೂ ಹಾಕಿ.