ನೀರಿನಲ್ಲಿ ಕಪ್ಪಾದ ಕೆಂಪು ದಾರ

ಕೊಪ್ಪಳ
ಭಾನುವಾರ

ಚಿರಂಜೀವಿ ಅಕ್ಷತಾಳಿಗೆ ಅವ್ವ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ, ಕಡಲಿಗಿಳಿದು ತೆಗೆಸಿಕೊಂಡ ಚಿತ್ರಗಳನ್ನು ನೀನು ಕಳಿಸಿದ ದಿನದಿಂದ ಮನೆಯಲ್ಲಿ ಅದೇ ಮಾತು. ಹುಲಿಗೆಮ್ಮನ ಗುಡಿಯಲ್ಲಿ ಅಜ್ಜಿ ನಿನ್ನ ಮುಂಗೈಗೆ ಕಟ್ಟಿದ ದಾರ ದೋಣಿಯಲ್ಲಿ ತೆಗೆದ ಚಿತ್ರದಲ್ಲಿ ಕುಂಕುಮದಂತೆ ಕೆಂಪಗಿದೆ. ನೀರಿನೊಳಗಿನ ಚಿತ್ರದಲ್ಲಿ ಅದೇ ದಾರ ಮಸಿ ಮೆತ್ತಿದಂತೆ ಕಪ್ಪಾಗಿದೆ. ಉಪ್ಪುನೀರಿಗೆ ಬಣ್ಣ ಬಿಟ್ಟಿತೇನೋ ಎಂದು ಅಜ್ಜಿ ಪೇಚಾಡಿಕೊಂಡರು. ಮೇಲೆ ಬಂದ ಮೇಲೆ ಅದು ಮತ್ತೆ ಕೆಂಪಾಗಿಯೇ ಇತ್ತು ಎಂದು ನೀನು ಹೇಳಿದ್ದನ್ನು ಕೇಳಿ ಸಮಾಧಾನವಾಯಿತು. ಹವಳದ ದಿಬ್ಬದ ಮೀನುಗಳು ಅಷ್ಟೊಂದು ಬಣ್ಣ ಹೊತ್ತು ತಿರುಗಿದರೆ ವೈರಿಯ ಕಣ್ಣಿಗೆ ಬೀಳುವುದಿಲ್ಲವೇ ಎಂದು ನೀನು ಅಂದು ಕೇಳಿದೆಯಲ್ಲ, ಅದಕ್ಕೆ ಉತ್ತರ ಹೇಳಲು ನಿನ್ನ ಕೈಯ ದಾರದಿಂದಲೇ ಶುರು ಮಾಡಬೇಕು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಸೂರ್ಯನ ಬೆಳಕು ನೀರಿಗಿಳಿದಂತೆ ಅದರಲ್ಲಿರುವ ಬಣ್ಣಗಳನ್ನು ನೀರು ಒಂದೊಂದಾಗಿ ಹೀರಿಕೊಳ್ಳುತ್ತ ಹೋಗುತ್ತದೆ, ಮತ್ತು ಮೊದಲು ಹೀರುವುದು ಕೆಂಪನ್ನು. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪಿನ ಬಹುಭಾಗ ಹೋಗಿಬಿಟ್ಟಿರುತ್ತದೆ. ಕೊನೆಯವರೆಗೆ ಉಳಿಯುವುದು ನೀಲಿ. ದಾರ ಕೆಂಪಾಗಿ ಕಾಣಬೇಕಾದರೆ ಅದರ ಮೇಲೆ ಕೆಂಪು ಬೆಳಕು ಬೀಳಬೇಕು, ಬೀಳದಿದ್ದರೆ ಅದು ಕಪ್ಪು. ಸೋಲ್ಜರ್ ಮೀನುಗಳು ಮೈತುಂಬ ಕೆಂಪು ಉಟ್ಟು ಹಗಲೆಲ್ಲ ಬಂಡೆಯ ಸಂದಿಯಲ್ಲಿದ್ದು ರಾತ್ರಿ ಹೊರಬೀಳುತ್ತವೆ. ಬಲೆಯಲ್ಲಿ ಮೇಲೆ ಬಂದಾಗ ನಮ್ಮ ಕಣ್ಣಿಗೆ ಕೋರೈಸುವ ಆ ಕೆಂಪು, ಕೆಳಗೆ ಅವುಗಳಿಗೆ ಕಪ್ಪು ಕಂಬಳಿಯಿದ್ದಂತೆ. ಹಾಗೆಂದು ಕೆಳಗೆ ಕೆಂಪು ಇಲ್ಲವೇ ಇಲ್ಲ ಎಂದೂ ಅಲ್ಲ. ಕೆಲವು ಮೀನುಗಳು ಮೈಮೇಲೆ ಬಿದ್ದ ನೀಲಿ ಬೆಳಕನ್ನು ಹೀರಿ ಅದನ್ನು ಕೆಂಪಾಗಿ ಹೊರಸೂಸುತ್ತವೆ. ಇದಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. 2008ರಲ್ಲಿ ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ನೀಕೊ ಮಿಖೀಲ್ಸ್ ಮತ್ತು ಅವರ ಸಂಗಡಿಗರು ಹವಳದ ದಿಬ್ಬದ ಕನಿಷ್ಠ 32 ಜಾತಿಯ ಮೀನುಗಳಲ್ಲಿ ಇದು ಇದೆಯೆಂದು ತೋರಿಸಿದರು. ಆ ಕೆಂಪು ದೂರ ಹೋಗುವಂತಿಲ್ಲ, ನೀರು ನುಂಗಿಬಿಡುತ್ತದೆ. ಹಾಗಾಗಿ ಅದು ಪಕ್ಕದಲ್ಲಿರುವವರಿಗಷ್ಟೇ ಕಾಣುವ ಸನ್ನೆಯಾಗಿರಬಹುದು.

ಇನ್ನು ಹಳದಿ ಮತ್ತು ನೀಲಿ. ಈ ಭಾಗವನ್ನು ನನಗೆ ಬಿಡಿಸಿ ತೋರಿಸಿದವರು ನಿನ್ನ ಅಜ್ಜ. ನೀನು ಕಳಿಸಿದ್ದರಲ್ಲಿ ಪಟ್ಟೆಪಟ್ಟೆಯ ಮೀನಿನ ಚಿತ್ರ ನೋಡಿದವರೇ ಏನೂ ಮಾತಾಡದೆ ಎದ್ದು ಹೋಗಿ, ಅರ್ಧ ಬಣ್ಣ ಹಚ್ಚಿದ ಗರುಡನ ಗೊಂಬೆಯನ್ನು ತಂದರು. ರೆಕ್ಕೆಯ ಮೇಲೆ ನೀಲಿಯ ನಡುವೆ ಕೂದಲೆಳೆಯಂಥ ಹಳದಿ ಗೆರೆಗಳನ್ನು ಎಳೆದಿದ್ದರು. ಗೊಂಬೆಯನ್ನು ನನ್ನ ಮೂಗಿನ ಹತ್ತಿರ ಹಿಡಿದರು: ಒಂದೊಂದು ಗೆರೆಯೂ ಎದ್ದು ಕಾಣುತ್ತಿತ್ತು. ಆಮೇಲೆ ಅದನ್ನು ಮಾಡದಲ್ಲಿಟ್ಟು, ನನ್ನನ್ನು ಅಂಗಳ ದಾಟಿಸಿ ಕಟ್ಟೆಯ ಹತ್ತಿರ ನಿಲ್ಲಿಸಿದರು. ಗೆರೆಗಳೆಲ್ಲ ಒಂದರಲ್ಲೊಂದು ಕರಗಿ ರೆಕ್ಕೆ ಮಂಕು ಬೂದಿಬಣ್ಣಕ್ಕೆ ತಿರುಗಿತ್ತು. ಕಿನ್ನಾಳದಲ್ಲಿ ಕುಂಚ ಹಿಡಿದವರಿಗೆ ಇದು ಹೊಸದಲ್ಲ. ಅಂಗಡಿಯಲ್ಲಿ ದೂರದಿಂದ ಕಾಣಬೇಕಾದ ಗೊಂಬೆಗೆ ಗೆರೆ ದಪ್ಪ ಎಳೆಯಬೇಕು ಎಂದು ಅವರು ಎಷ್ಟೋ ಸಲ ನನಗೇ ಹೇಳಿದ್ದಾರೆ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಬೆಳಕಿನ ಪಾಠ ಮಾಡಿದ ನನಗೆ ಅದು ಮೀನಿಗೂ ಹೊಂದುವ ಮಾತೆಂದು ಹೊಳೆದಿರಲಿಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜಸ್ಟಿನ್ ಮಾರ್ಷಲ್ ಹೇಳುವುದೂ ಇದನ್ನೇ. ನೀಲಿ ನೀರಿನಲ್ಲಿ ಹಳದಿ ಮತ್ತು ನೀಲಿ ಅಕ್ಕಪಕ್ಕ ಬಂದರೆ ಅವುಗಳಷ್ಟು ಒಂದಕ್ಕೊಂದು ಎದುರಾಗುವ ಜೋಡಿ ಇನ್ನೊಂದಿಲ್ಲ. ಹತ್ತಿರ ಬಂದ ಸಂಗಾತಿಗೂ ಎದುರಾಳಿಗೂ ಅದು ಕೂಗಿ ಹೇಳಿದಂತೆ ತಿಳಿಯುತ್ತದೆ. ಆದರೆ ಮೀನಿನ ಕಣ್ಣು ನಮ್ಮಷ್ಟು ಚುರುಕಲ್ಲವಾದ್ದರಿಂದ, ಸಣ್ಣ ಪಟ್ಟೆಗಳು ತುಸು ದೂರದಲ್ಲೇ ಕಲಸಿಹೋಗಿ ಹಿನ್ನೆಲೆಯ ನೀರಿನಲ್ಲಿ ಬೆರೆತುಬಿಡುತ್ತವೆ. ಒಂದೇ ಉಡುಪು ಹತ್ತಿರದವರಿಗೆ ಮಾತು, ದೂರದ ಬೇಟೆಗಾರನಿಗೆ ಮರೆ. ನಿನ್ನ ಪ್ರಶ್ನೆಗೆ ಇದಕ್ಕಿಂತ ಚೆಂದದ ಉತ್ತರ ನನಗೆ ಸಿಕ್ಕಿಲ್ಲ.

ಆ ಮಾತು ಏನು ಎಂಬುದನ್ನೂ ಹೇಳಬೇಕು. ಕೊನ್ರಾಡ್ ಲೊರೆನ್ಜ್ ಎಂಬ ಆಸ್ಟ್ರಿಯಾದ ವಿಜ್ಞಾನಿ 1960ರ ದಶಕದಲ್ಲಿ, ಈ ಮೀನುಗಳ ಬಣ್ಣ ಗೋಡೆಗೆ ಅಂಟಿಸಿದ ಭಿತ್ತಿಪತ್ರದಂತೆ, ತನ್ನ ಜಾಗಕ್ಕೆ ತನ್ನದೇ ಜಾತಿಯ ಇನ್ನೊಂದು ಬಾರದಂತೆ ಎಚ್ಚರಿಸಲು ಇದೆ ಎಂದು ವಾದಿಸಿದ್ದರು. ಎಲ್ಲ ಮೀನಿಗೂ ಆ ವಾದ ಹೊಂದುವುದಿಲ್ಲ. ಆದರೂ ಎಂಪರರ್ ಏಂಜೆಲ್ ಎಂಬ ಮೀನನ್ನು ನೋಡಿದರೆ ಅವರ ಮಾತು ನೆನಪಾಗುತ್ತದೆ. ಬೆಳೆದ ಮೀನಿಗೆ ನೀಲಿ ಮೈಮೇಲೆ ಉದ್ದುದ್ದ ಹಳದಿ ಪಟ್ಟೆ, ಮರಿಗೆ ಕಡುನೀಲಿಯ ಮೇಲೆ ಸುತ್ತುಸುತ್ತಾದ ಬಿಳಿ ಉಂಗುರಗಳು. ದೊಡ್ಡವು ತಮ್ಮಂತೆಯೇ ಇರುವವರನ್ನು ಅಟ್ಟಿಸಿಕೊಂಡು ಹೋಗುವುದರಿಂದ, ಬೇರೆ ಬಟ್ಟೆ ಉಟ್ಟ ಮರಿ ಏಟು ತಪ್ಪಿಸಿಕೊಳ್ಳುತ್ತದೆ ಎನ್ನುತ್ತಾರೆ.

ಇದಕ್ಕಿಂತ ಗುಟ್ಟಿನ ಬರಹವೂ ಉಂಟು. ಅಂಬಾನ್ ಡ್ಯಾಮ್ಸೆಲ್ ಎಂಬ ಪುಟ್ಟ ಹಳದಿ ಮೀನಿಗೂ ಅದರ ನೆರೆಯ ಇನ್ನೊಂದು ಜಾತಿಗೂ ನಮ್ಮ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಅವುಗಳ ಮುಖದ ಮೇಲೆ ನೇರಳಾತೀತ ಬೆಳಕಿನಲ್ಲಿ ಮಾತ್ರ ತೋರುವ ಚುಕ್ಕೆ, ಗೆರೆಗಳ ರಂಗೋಲಿ ಇದೆ, ಮತ್ತು ಅದನ್ನು ನೋಡಿಯೇ ಅವು ತಮ್ಮವರನ್ನು ಗುರುತಿಸುತ್ತವೆ ಎಂದು ಉಲ್ರಿಕೆ ಸೀಬೆಕ್ ಮತ್ತು ಜೊತೆಗಾರರು 2010ರಲ್ಲಿ ತೋರಿಸಿಕೊಟ್ಟರು. ಅವುಗಳನ್ನು ತಿನ್ನುವ ದೊಡ್ಡ ಮೀನುಗಳಲ್ಲಿ ಹೆಚ್ಚಿನವಕ್ಕೆ ಆ ಬೆಳಕು ಕಾಣುವುದೇ ಇಲ್ಲ.

ಬಣ್ಣ ನಂಬಿಕೆಯ ಮಾತಾಗುವುದು ಕ್ಲೀನರ್ ರ‍್ಯಾಸ್ ಎಂಬ ಬೆರಳುದ್ದದ ಮೀನಿನಲ್ಲಿ. ತಿಳಿನೀಲಿ ಮೈಯುದ್ದಕ್ಕೂ ಒಂದು ಕಪ್ಪು ಪಟ್ಟೆ. ಆ ಗುರುತು ಕಂಡೊಡನೆ ಅದನ್ನು ಒಂದೇ ತುತ್ತಿಗೆ ನುಂಗಬಲ್ಲ ದೊಡ್ಡ ಮೀನುಗಳು ಬಾಯಿ, ಕಿವಿರು ತೆರೆದು ನಿಂತು, ಮೈಯ ಹೇನುಗಳನ್ನು ಹೆಕ್ಕಿಸಿಕೊಳ್ಳುತ್ತವೆ. ಇದೇ ಪಟ್ಟೆಯ ವೇಷ ಹಾಕಿಕೊಂಡು ಬರುವ ಬ್ಲೆನಿ ಎಂಬ ಇನ್ನೊಂದು ಮೀನು, ನಂಬಿ ನಿಂತವರ ರೆಕ್ಕೆಯ ತುಂಡು ಕಚ್ಚಿಕೊಂಡು ಓಡುತ್ತದೆ. ನೀಲಿ ಉಂಗುರದ ಆಕ್ಟೋಪಸ್ ಮಾತ್ರ ಮೋಸ ಮಾಡುವುದಿಲ್ಲ. ಸುಮ್ಮನಿದ್ದಾಗ ಕಲ್ಲಿನ ಬಣ್ಣದಲ್ಲಿದ್ದು, ಕೆಣಕಿದರೆ ಸುಮಾರು 60 ಉಂಗುರಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಿಂಚಿಸುತ್ತದೆ. ಅದರ ವಿಷ ಮನುಷ್ಯನ ಉಸಿರನ್ನೇ ನಿಲ್ಲಿಸಬಲ್ಲದು.

ಕೋಟೆ ಗುಡ್ಡದ ಬಂಡೆಯ ಮೇಲೆ ನೀನು ಚಿಕ್ಕವಳಿದ್ದಾಗ ನಾವಿಬ್ಬರೂ ಕೂತು ನೋಡಿದ ಓತಿಕ್ಯಾತ ನೆನಪಿದೆಯೇ? ಹೆಣ್ಣಿನೆದುರು ಅದರ ಬೆನ್ನು ಕೆಂಪಾಗುತ್ತದೆ, ಇನ್ನೊಂದು ಗಂಡು ಎದುರಾದರೆ ಅದೇ ಬೆನ್ನು ಹಳದಿಗೆ ತಿರುಗುತ್ತದೆ. ಬೊಂಡಾಸದ, ಅಂದರೆ ಸ್ಕ್ವಿಡ್‌ನ, ಬಳಗಕ್ಕೆ ಸೇರಿದ ಒಂದು ಜಾತಿಯ ಕಟ್ಲ್‌ಫಿಶ್ ಇದನ್ನೂ ಮೀರಿಸಿದೆ. ಎರಡರ ನಡುವೆ ಸಿಕ್ಕಿಕೊಂಡ ಗಂಡು, ಹೆಣ್ಣಿನ ಕಡೆಗಿರುವ ಮಗ್ಗುಲಲ್ಲಿ ಗಂಡಿನ ಬಣ್ಣವನ್ನೂ ಎದುರಾಳಿಯ ಕಡೆಗಿರುವ ಮಗ್ಗುಲಲ್ಲಿ ಹೆಣ್ಣಿನ ಬಣ್ಣವನ್ನೂ ಒಂದೇ ಹೊತ್ತಿಗೆ ತೋರುವುದನ್ನು ಸಿಡ್ನಿಯಲ್ಲಿ ಗಮನಿಸಿ ವಿಜ್ಞಾನಿಗಳು 2012ರಲ್ಲಿ ಬರೆದಿದ್ದಾರೆ. ಇಷ್ಟೆಲ್ಲ ಮಾಡುವ ಈ ಬಳಗದ ಹೆಚ್ಚಿನ ಜೀವಿಗಳ ಕಣ್ಣಿಗೆ ನಮ್ಮಂತೆ ಬಣ್ಣಗಳನ್ನು ಬೇರ್ಪಡಿಸಿ ನೋಡುವ ಶಕ್ತಿಯಿಲ್ಲ ಎಂಬುದನ್ನು ಓದಿ, ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಮನಸ್ಸಿಗೆ ನೋವಾಗುವ ಒಂದು ಮಾತನ್ನೂ ಬರೆಯದೆ ಇರಲಾರೆ. ಹವಳದ ಬಣ್ಣದ ಬಹುಪಾಲು ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯದು. ಹವಳಕ್ಕೆ ಊಟ ಕೊಡುವುದೂ ಅದೇ ಪಾಚಿ. ಬೇಸಿಗೆಯ ಅತಿ ಹೆಚ್ಚಿನ ಕಾವಿಗಿಂತ ನೀರು ಒಂದೇ ಒಂದು ಡಿಗ್ರಿ ಮೇಲೇರಿ ಕೆಲವು ವಾರ ಹಾಗೆಯೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಸುಣ್ಣದಂತೆ ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಯಿತು. 42 ಡಿಗ್ರಿಯ ಬಿಸಿಲಿನಲ್ಲೂ ನಡೆದು ಶಾಲೆಗೆ ಹೋಗುವ ನಮ್ಮ ಊರಿನವರಿಗೆ ಒಂದು ಡಿಗ್ರಿ ಏನು ಮಹಾ ಎನಿಸಬಹುದು. ಹವಳಕ್ಕೆ ಅಷ್ಟು ಸಾಕು. ಹವಳ ಬೆಳ್ಳಗಾದರೆ ಅದರ ಕೊಂಬೆಗಳ ನಡುವೆ ಅಡಗಿ ಬಾಳುವ ಪುಟ್ಟ ಮೀನುಗಳು ಹೆಚ್ಚಾಗಿ ಬೇಟೆಗೆ ಸಿಕ್ಕುತ್ತವೆ ಎಂದೂ ಕಂಡುಕೊಂಡಿದ್ದಾರೆ. ಇದನ್ನು ಅಜ್ಜನಿಗೆ ಹೇಳಿದಾಗ ಅವರು ಬಿಳಿ ಹಚ್ಚಿ ಒಣಗಲಿಟ್ಟ ಗೊಂಬೆಗಳ ಕಡೆ ನೋಡಿದರು. ಆ ಬಿಳಿಯ ಮೇಲೆ ಕುಂಚದಿಂದ ಒಂದು ಹನಿ ಸಿಡಿದರೂ ಬಾಗಿಲಾಚೆಯಿಂದ ಕಾಣುತ್ತದೆ. ಮೀನು ತನ್ನ ಬಣ್ಣ ಬದಲಿಸಿಲ್ಲ, ಅದರ ಹಿಂದಿನ ಗೋಡೆಯ ಬಣ್ಣ ಹೋಗಿದೆ.

ಮುಂದಿನ ಸಲ ನೇತ್ರಾಣಿಗೆ ಹೋದರೆ ಜೊತೆಗೆ ಬರುವವರಿಂದ ನೀರೊಳಗೆ ಉರಿಯುವ ಟಾರ್ಚ್ ಕೇಳಿಕೊ. ಅದೇ ಆಳದಲ್ಲಿ ದಾರದ ಚಿತ್ರವನ್ನು ಒಮ್ಮೆ ಬೆಳಕು ಬಿಡದೆ, ಒಮ್ಮೆ ಹತ್ತಿರದಿಂದ ಬೆಳಕು ಬಿಟ್ಟು ತೆಗೆಸು. ಎರಡನೆಯದರಲ್ಲಿ ಕೆಂಪು ಮರಳಿ ಬಂದಿರುತ್ತದೆ ಎಂದು ನಾನು ಅಜ್ಜಿಗೆ ಹೇಳಿದ್ದೇನೆ. ಕಣ್ಣಾರೆ ನೋಡುವವರೆಗೆ ಅವರು ಒಪ್ಪುವಂತಿಲ್ಲ. ಗರುಡನ ಗೊಂಬೆಯನ್ನು ಅಜ್ಜ ಯಾರಿಗೂ ಕೊಡದೆ ನಿನಗಾಗಿ ಇಟ್ಟಿದ್ದಾರೆ.

ನಿನ್ನ ಅವ್ವ