ಸೈಲೆನ್ಸರ್ ಹಾಕಿಸುವುದಾದರೆ ಇನ್ನು ಮುಂದೆ ಬೈಕ್ ಒಂದು ರಾತ್ರಿ ನಮ್ಮಲ್ಲೇ ಇರಲಿ

ನಮ್ಮ ಗ್ರಾಹಕರಿಗೆಲ್ಲ ನಮಸ್ಕಾರ,

ಆಫ್ಟರ್‌ಮಾರ್ಕೆಟ್ ಸೈಲೆನ್ಸರ್ (ಬೈಕಿನ ಜೊತೆ ಬಂದದ್ದರ ಬದಲು ಬೇರೆ ಕಂಪನಿಯದು) ಕೂರಿಸುವ ಕೆಲಸದಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ಬೆಳಿಗ್ಗೆ ಬೈಕ್ ಬಿಟ್ಟು ಮಧ್ಯಾಹ್ನ ತೆಗೆದುಕೊಂಡು ಹೋಗುವುದು ಇನ್ನು ಆಗುವುದಿಲ್ಲ. ಬೈಕ್ ಒಂದು ರಾತ್ರಿ ನಮ್ಮಲ್ಲೇ ನಿಲ್ಲಬೇಕು.

ಒಂದು ಪೈಪ್ ಹಾಕಲು ಇಷ್ಟು ಹೊತ್ತು ಯಾಕೆ ಅಂತ ಕೇಳುತ್ತೀರಿ, ಕೇಳಲೇಬೇಕು. ಮೊದಲನೆಯದಾಗಿ, ಓಡಿಸಿಕೊಂಡು ಬಂದ ಬೈಕಿನ ಬೆಂಡ್ ಪೈಪನ್ನು (ಇಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬಾಗಿದ ಪೈಪು) ಬಿಸಿಯಲ್ಲೇ ಬಿಚ್ಚಲು ನಮಗೆ ಇಷ್ಟವಿಲ್ಲ. ಇಂಜಿನ್ ಹೆಡ್ (ಇಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಂ, ಅದರಲ್ಲಿರುವ ಸ್ಟಡ್‌ಗಳು (ಪೈಪಿನ ನಟ್ ಕೂರುವ ತಿರುಪು ಕಡ್ಡಿಗಳು) ಸಾಮಾನ್ಯವಾಗಿ ಉಕ್ಕಿನವು, ಮೇಲೆ ತುಕ್ಕು ಬೇರೆ. ಅವಸರದಲ್ಲಿ ಸ್ಪಾನರ್ ಹಾಕಿ ಎಳೆದರೆ ಸ್ಟಡ್ ತುಂಡಾಗಿ ಒಳಗೇ ಉಳಿಯಬಹುದು, ಆಮೇಲೆ ಡ್ರಿಲ್ ಮಾಡಿ ತೆಗೆಯುವ ಕೆಲಸ ಸೈಲೆನ್ಸರ್ ಕೆಲಸಕ್ಕಿಂತ ದೊಡ್ಡದಾಗುತ್ತದೆ. ಆರಿದ ಮೇಲೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಬಹಳಷ್ಟು ನಟ್‌ಗಳು ಸಲೀಸಾಗಿ ಬರುತ್ತವೆ.

ಇನ್ನೊಂದು ಕಾರಣ ಗ್ಯಾಸ್ಕೆಟ್, ಅಂದರೆ ಸಂದಿಯಲ್ಲಿ ಲೀಕ್ ಆಗದಂತೆ ಕೂರಿಸುವ ಬಿಲ್ಲೆ. ಹೆಡ್ ಮತ್ತು ಪೈಪ್ ನಡುವಿನ ಗ್ಯಾಸ್ಕೆಟ್ ಒಮ್ಮೆ ಅಮುಕಿದರೆ ಮುಗಿಯಿತು, ಹಳೆಯದನ್ನೇ ಮತ್ತೆ ಹಾಕಬಾರದು. ಹೊಸದೂ ಮೊದಲ ಸಲ ಕಾದು ಆರಿದಾಗ ಇನ್ನಷ್ಟು ಕೂರುತ್ತದೆ, ಆಗ ನಟ್ ಸಡಿಲವಾಗುತ್ತದೆ. ಆ ಸಂದಿಯಿಂದ ಹೊಗೆ ಹೊರಬರುವುದು ಮಾತ್ರವಲ್ಲ, ಹೊರಗಿನ ಗಾಳಿ ಒಳಗೂ ಹೋಗುತ್ತದೆ. ಥ್ರಾಟಲ್ ಬಿಟ್ಟಾಗ ಪಟಪಟ ಅಂತ ಸದ್ದು ಬರುತ್ತದಲ್ಲ, ಹೊಸ ಸೈಲೆನ್ಸರ್ ಅಂದರೆ ಹಾಗೇ ಅಂದುಕೊಳ್ಳುವವರು ಜಾಸ್ತಿ, ಆದರೆ ಎಷ್ಟೋ ಸಲ ಅದು ಲೀಕ್. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಇರುವ ಬೈಕಿನಲ್ಲಿ ಈ ಗಾಳಿ ಸೆನ್ಸರನ್ನೂ ದಾರಿ ತಪ್ಪಿಸುತ್ತದೆ, ಇಂಜಿನ್‌ಗೆ ಹೋಗುವ ಪೆಟ್ರೋಲ್ ಕಡಿಮೆಯಾಗಿದೆ ಎಂದು ತಿಳಿದು ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಮ್ನೆ ಹೆಚ್ಚು ಪೆಟ್ರೋಲ್ ಕಳಿಸುತ್ತದೆ. ಅದಕ್ಕೇ ಸಂಜೆ ಫಿಟ್ ಮಾಡಿ, ಇಂಜಿನ್ ಚೆನ್ನಾಗಿ ಬಿಸಿ ಮಾಡಿ, ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ಟಾರ್ಕ್ ರೆಂಚ್ (ಎಷ್ಟು ಬಿಗಿದಿದೆ ಎಂದು ಅಳೆಯುವ ಸ್ಪಾನರ್) ಹಿಡಿದು ಎಲ್ಲ ನಟ್‌ಗಳನ್ನೂ ಮತ್ತೊಮ್ಮೆ ನೋಡುತ್ತೇವೆ.

ಮನೆಯಲ್ಲೇ ಹಾಕಿಕೊಳ್ಳುವವರಿಗೂ ಒಂದು ಮಾತು. ಮೊದಲು ಎಲ್ಲವನ್ನೂ ಸಡಿಲವಾಗಿ ಜೋಡಿಸಿ, ಆಮೇಲೆ ಹೆಡ್ ಕಡೆಯಿಂದ ಹಿಂದಕ್ಕೆ ಟೈಟ್ ಮಾಡುತ್ತಾ ಬನ್ನಿ. ಹಿಂದಿನ ಬ್ರಾಕೆಟ್ ಮೊದಲು ಬಿಗಿದು ಪೈಪನ್ನು ಎಳೆದು ಕೂರಿಸಿದರೆ ಆ ಒತ್ತಡ ಹಾಗೇ ಉಳಿದು, ಓಡಿಸುತ್ತಾ ಓಡಿಸುತ್ತಾ ವೆಲ್ಡಿಂಗ್ ಬಿರುಕು ಬಿಡುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಕೈಗುರುತುಗಳನ್ನು ಸ್ಪಿರಿಟ್‌ನಿಂದ ಒರೆಸಿ, ಇಲ್ಲದಿದ್ದರೆ ಅವು ಸುಟ್ಟು ಕಲೆಯಾಗಿ ನಿಲ್ಲುತ್ತವೆ.

ಬೆಂಡ್ ಪೈಪಿನಿಂದ ಹಿಡಿದು ಫುಲ್ ಸಿಸ್ಟಂ ಬದಲಿಸುವವರಿಗೆ ಟ್ಯೂನಿಂಗ್ ಇಲ್ಲದೆ ಇನ್ನು ಬೈಕ್ ಕೊಡುವುದಿಲ್ಲ. ಟ್ಯೂನಿಂಗ್ ಅಂದರೆ ಹೊಸ ಪೈಪಿಗೆ ತಕ್ಕಂತೆ ಪೆಟ್ರೋಲ್ ಹೊಂದಿಸುವುದು: ಕಾರ್ಬ್ಯುರೇಟರ್ ಆದರೆ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ರಂಧ್ರದ ಭಾಗ), ಇಂಜೆಕ್ಷನ್ ಆದರೆ ಮ್ಯಾಪ್ (ಇಸಿಯು ಒಳಗಿನ ಪೆಟ್ರೋಲ್ ಲೆಕ್ಕ). ಹಿಂದಿನ ಸೈಲೆನ್ಸರ್ ಮಾತ್ರ ಬದಲಿಸುವ ಸ್ಲಿಪ್-ಆನ್‌ಗೆ ಸಾಮಾನ್ಯವಾಗಿ ಇದು ಬೇಕಾಗುವುದಿಲ್ಲ.

ಡಿಬಿ ಕಿಲ್ಲರ್ (ಸದ್ದು ತಗ್ಗಿಸಲು ಸೈಲೆನ್ಸರ್ ಒಳಗಿರುವ ಭಾಗ) ತೆಗೆದುಕೊಡಿ, ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ಕತ್ತರಿಸಿಕೊಡಿ ಅಂತ ದಯವಿಟ್ಟು ಕೇಳಬೇಡಿ. ಆ ಕೆಲಸ ನಾವು ಮಾಡುವುದಿಲ್ಲ. ಒಳ್ಳೆಯ ಸದ್ದು ಬೇರೆ, ಬೀದಿಯ ಮನೆಯಲ್ಲಿ ಮಲಗಿದ ಮಗು ಬೆಚ್ಚಿ ಏಳುವ ಸದ್ದು ಬೇರೆ.

ಈಗಾಗಲೇ ದಿನ ಗೊತ್ತು ಮಾಡಿಕೊಂಡಿರುವವರಿಗೆ ನಾವೇ ಫೋನ್ ಮಾಡಿ ಹೊಸ ಸಮಯ ತಿಳಿಸುತ್ತೇವೆ. ರಾತ್ರಿ ಬೈಕ್ ಇಟ್ಟುಕೊಳ್ಳುವುದಕ್ಕೂ, ಬೆಳಗಿನ ತಪಾಸಣೆಗೂ ಬೇರೆ ಹಣ ಇಲ್ಲ. ಬಿಚ್ಚಿದ ಹಳೆಯ ಸೈಲೆನ್ಸರನ್ನು ಬಟ್ಟೆಯಲ್ಲಿ ಸುತ್ತಿ ಕೊಡುತ್ತೇವೆ, ತೆಗೆದಿಟ್ಟುಕೊಳ್ಳಿ, ಬೈಕ್ ಮಾರುವಾಗ ಬೇಕಾಗುತ್ತದೆ.